ಆರ್-600ಎ ಫ್ರಿಜ್‌ಗೆ ಹಳೆಯ ರಿಲೇ ಹಾಕಬಹುದೇ?

ನಮಸ್ಕಾರ. ತಂಪುಗೊಳಿಸಲು ಆರ್-600ಎ ಅನಿಲ ಬಳಸುವ ನಿಮ್ಮ ಫ್ರಿಜ್‌ನ ಸ್ಟಾರ್ಟಿಂಗ್ ರಿಲೇ (ಕಂಪ್ರೆಸರ್ ಮೋಟಾರನ್ನು ಚಾಲೂ ಮಾಡುವ ಸ್ವಿಚ್) ಕೆಟ್ಟಿರುವುದರಿಂದ, ಹಳೆಯ ಆರ್-134ಎ ಅನಿಲದ ಫ್ರಿಜ್‌ನಿಂದ ಬಿಚ್ಚಿಟ್ಟ ರಿಲೇಯನ್ನು ಅದಕ್ಕೆ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಆರ್-600ಎ ಎಂದರೆ ಐಸೋಬ್ಯೂಟೇನ್. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 1.8ಕ್ಕೆ ಮುಟ್ಟಿದರೆ ಸಣ್ಣ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಸುಮಾರು ಎರಡು ಪಟ್ಟು ಭಾರವಾದ್ದರಿಂದ, ಸೋರಿದರೆ ಕೆಳಗೆ, ಅಂದರೆ ಕಂಪ್ರೆಸರ್ ಮತ್ತು ರಿಲೇ ಇರುವ ಜಾಗದಲ್ಲಿಯೇ ಸೇರಿಕೊಳ್ಳುತ್ತದೆ. ಹಳೆಯ ಬಗೆಯ ರಿಲೇಯ ಕಾಂಟ್ಯಾಕ್ಟ್‌ಗಳು (ಕೂಡಿ ಬಿಡುವ ಲೋಹದ ತುದಿಗಳು) ಬಿಡಿಸಿಕೊಳ್ಳುವಾಗಲೆಲ್ಲ ಕಿಡಿ ಹಾರುವುದು ಸಹಜ. ಸಾಮಾನ್ಯ ಸ್ಥಿತಿಯಲ್ಲಿ ಹೊತ್ತಿಕೊಳ್ಳದ ಆರ್-134ಎ ಇದ್ದಾಗ ಅದು ಅಪಾಯವಾಗಿರಲಿಲ್ಲ, ಇಲ್ಲಿ ಅದೇ ಮುಖ್ಯ ಅಪಾಯ. ಮನೆಬಳಕೆಯ ಫ್ರಿಜ್‌ನಲ್ಲಿ ಈ ಅನಿಲ 150 ಗ್ರಾಂ ಮೀರಬಾರದೆಂಬ ಅಂತರರಾಷ್ಟ್ರೀಯ ಮಿತಿಯೇನೋ ಇದೆ, ಆದರೆ ಇಕ್ಕಟ್ಟಾದ ಮೂಲೆಯಲ್ಲಿ ಅದಕ್ಕಿಂತ ಬಹಳ ಕಡಿಮೆಯೂ ಸಾಕು.

ನಿಮ್ಮ ಕಂಪ್ರೆಸರ್‌ನ ಮಾದರಿಗೆ ತಯಾರಕರೇ ಸೂಚಿಸಿದ ಬಿಡಿಭಾಗವನ್ನೇ ತನ್ನಿ; ಬಿಸಿಯಾದಂತೆ ವಿದ್ಯುತ್ತನ್ನು ತಡೆಯುವ ಪಿಟಿಸಿ ಸ್ಟಾರ್ಟರ್‌ನಲ್ಲಿ ಕಾಂಟ್ಯಾಕ್ಟ್‌ಗಳೇ ಇರುವುದಿಲ್ಲ. ಓವರ್‌ಲೋಡ್ ಪ್ರೊಟೆಕ್ಟರ್ (ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ವಿದ್ಯುತ್ ಕಡಿಯುವ ಭಾಗ) ಮತ್ತು ಥರ್ಮೋಸ್ಟಾಟ್‌ಗೂ ಇದೇ ನಿಯಮ.

ಇನ್ನೊಂದು ಮಾತು: ಅಡುಗೆ ಅನಿಲಕ್ಕೆ ಬೆರೆಸುವಂತೆ ಈ ಅನಿಲಕ್ಕೆ ಸಾಮಾನ್ಯವಾಗಿ ವಾಸನೆ ಬೆರೆಸಿರುವುದಿಲ್ಲ, ಆದ್ದರಿಂದ ಮೂಗನ್ನು ನಂಬಬೇಡಿ. ಸೋರಿಕೆಯ ಅನುಮಾನವಿದ್ದರೆ ಹತ್ತಿರದ ಸ್ವಿಚ್ಚನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ದೂರದಲ್ಲಿರುವ ಮೇನ್ ಸ್ವಿಚ್ಚನ್ನು ಆರಿಸಿ, ಈ ಅನಿಲದ ಕೆಲಸದಲ್ಲಿ ತರಬೇತಿ ಪಡೆದ ತಂತ್ರಜ್ಞರನ್ನು ಕರೆಸಿ.