ಗುಡ್ಡದ ಮೇಲಿನ ಇಂಗೋಲ್ಫರ್

ಪ್ರಶ್ನೆ: ಡಿಸೆಂಬರ್‌ನಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ಗೆ ಹೋಗುತ್ತಿದ್ದೇವೆ. ನಗರ ಸ್ಥಾಪಕ ಇಂಗೋಲ್ಫರ್‌ನ ಪ್ರತಿಮೆ ಗುಡ್ಡದ ಮೇಲಿದೆಯಂತೆ. ಜೊತೆಗೆ ವಯಸ್ಸಾದ ಅಮ್ಮ ಇರುತ್ತಾರೆ, ಹತ್ತಿಸಬಹುದೇ?

ಉತ್ತರ: ಧಾರಾಳವಾಗಿ. ಗುಡ್ಡ ಅಂದರೆ ನಮ್ಮ ಚಾಮುಂಡಿ ಬೆಟ್ಟವಲ್ಲ; ಆರ್ನರ್‌ಹೋಲ್ ಊರ ನಡುವಿನ ಹುಲ್ಲುದಿಬ್ಬ ಅಷ್ಟೆ. ಲೈಕ್ಯಾರ್‌ಟೋರ್ಗ್ ಚೌಕದಿಂದ ಮೂರ್ನಾಲ್ಕು ನಿಮಿಷದ ನಡಿಗೆ. ಟಿಕೆಟ್ ಇಲ್ಲ, ಗೇಟೂ ಇಲ್ಲ.

ತೊಂದರೆ ಏರಿನದಲ್ಲ, ಹಿಮದ್ದು. ಬಿದ್ದ ಹಿಮ ಹಗಲು ಕರಗಿ ರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಮೇಲೆ ಕಡಲ ಗಾಳಿ. ಶೂಗೆ ಹೊರಗಿನಿಂದ ತೊಡಿಸುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲೇ ಸಿಗುತ್ತದೆ, ಅಮ್ಮನಿಗೆ ಮೊದಲು ಅದನ್ನು ಕೊಳ್ಳಿ. ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯದೆ ಕಾಲುದಾರಿಯಲ್ಲೇ ಹೋಗಿ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ 11.20ರ ಸುಮಾರಿಗೆ, 3.30ಕ್ಕೆ ಮುಳುಗುತ್ತಾನೆ, ಫೋಟೊಗೆ ನಡುಹಗಲೇ ಸರಿ.

ಪ್ರತಿಮೆ ಶಿಲ್ಪಿ ಐನಾರ್ ಯೋನ್ಸನ್ ಕೃತಿ, 1924ರಲ್ಲಿ ಅನಾವರಣ. ಇಂಗೋಲ್ಫರ್ ಆರ್ನಾರ್ಸನ್ ಮನೆಯ ಯಜಮಾನನಾಗಿ ತಾನು ಕೂರುತ್ತಿದ್ದ ಆಸನದ ಕಂಬಗಳನ್ನು ಕಡಲಿಗೆಸೆದು, ಅವು ದಡ ಸೇರಿದಲ್ಲೇ ನೆಲೆಸುವೆನೆಂದನಂತೆ. ಆಳುಗಳು ಕಂಬಗಳನ್ನು ಕಂಡದ್ದು ಇದೇ ದಿಬ್ಬದ ಬಳಿ ಎಂಬುದು ಹಳೆಯ ಕಥನ. ಅವನು ಇಲ್ಲಿ ನೆಲೆಸಿದ್ದಕ್ಕೆ ಸಾಂಪ್ರದಾಯಿಕವಾಗಿ ಹೇಳುವ ವರ್ಷ 874.

ಹಲವರು ಎಡವುವುದು ಇಲ್ಲಿ: ಹಾಲ್‌ಗ್ರಿಮ್ಸ್ ಚರ್ಚಿನ ಮುಂದಿರುವವನು ಇನ್ನೊಬ್ಬ ವೈಕಿಂಗ್, ನಾವಿಕ ಲೀಫ್ ಎರಿಕ್ಸನ್, ಇಂಗೋಲ್ಫರ್ ಅಲ್ಲ. ಟ್ಯಾಕ್ಸಿಯವರಿಗೆ ‘ವೈಕಿಂಗ್ ಪ್ರತಿಮೆ’ ಅನ್ನದೆ ‘ಆರ್ನರ್‌ಹೋಲ್’ ಎನ್ನಿ. ಚಳಿ ತಡೆಯದಿದ್ದರೆ ಕೆಳಗಿನ ಹಾರ್ಪಾ ಸಭಾಂಗಣಕ್ಕೆ ನುಗ್ಗಿ; ಗಾಜಿನ ಗೋಡೆಯ ಹಿಂದೆ ಬೆಚ್ಚಗೆ ಕುಳಿತು ಕಾಫಿ ಕುಡಿಯಬಹುದು.