ಮನೆ ಅಪ್ಪನ ಹೆಸರಿನಲ್ಲೇ ಇರಲಿ

"ಅಪ್ಪನಿಗೆ 81, ಅಮ್ಮನಿಗೆ 76. ಅಪ್ಪನ ಮನೆಯನ್ನು ಈಗಲೇ ದಾನಪತ್ರ ಮಾಡಿಸಿಕೊಂಡರೆ ಮುಂದೆ ಪ್ರೊಬೇಟ್‌ಗೆಂದು ಕೋರ್ಟು ಅಲೆಯುವುದು ತಪ್ಪುತ್ತದಲ್ಲವೇ? ತಂಗಿ ಸಹಿ ಹಾಕುತ್ತಾಳೆ."
– ದಾವಣಗೆರೆಯ ಓದುಗರು

ನಿಮ್ಮ ಮುಂದಾಲೋಚನೆ ಮೆಚ್ಚುವಂಥದ್ದೇ. ನೋಂದಣಿಯಾದ ದಾನಪತ್ರದಿಂದ ಹಕ್ಕು ಕೂಡಲೇ ಬದಲಾಗುತ್ತದೆ, ಮನೆಯವರಿಗಾದರೆ ಮುದ್ರಾಂಕ ಶುಲ್ಕವೂ ಕಡಿಮೆ. ಆದರೆ ನೀವು ಹೆದರಿರುವ ಪ್ರೊಬೇಟ್, ಅಂದರೆ ಉಯಿಲು ಅಸಲಿಯೆಂದು ಕೋರ್ಟು ಕೊಡುವ ದೃಢೀಕರಣ, ನಿಮ್ಮ ಬಾಗಿಲಿಗೆ ಬರುವಂಥದ್ದಲ್ಲ. 1925ರ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ಉಯಿಲಿಗೆ ಅದನ್ನು ಕಡ್ಡಾಯ ಮಾಡಿದ್ದು ಮದ್ರಾಸ್, ಬಾಂಬೆ ನಗರಗಳಿಗೆ ಮತ್ತು ಬಂಗಾಳಕ್ಕೆ. ದಾವಣಗೆರೆಗಲ್ಲ. ಆ ಕಡ್ಡಾಯವೂ 2025ರಲ್ಲಿ ರದ್ದಾಯಿತು.

ಅಪ್ಪ ಉಯಿಲು ಬರೆಯಲಿ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಅವರಿಗೆ ಓದಲು ಬರುವ ಕನ್ನಡದಲ್ಲೇ ಇರಲಿ. ಪ್ರತಿ ಪುಟಕ್ಕೂ ಸಹಿ, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರಬಾರದು, ಅಪ್ಪನಿಗಿಂತ ಸಾಕಷ್ಟು ಚಿಕ್ಕವರಿರಬೇಕು. ತಕರಾರು ಎದ್ದಾಗ ಒಬ್ಬ ಸಾಕ್ಷಿಯಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕಾಗುತ್ತದೆ. ತಮ್ಮ ವಯಸ್ಸಿನ ಗೆಳೆಯರನ್ನೇ ಕರೆದು ಸಹಿ ಹಾಕಿಸಿದ ಉಯಿಲುಗಳು ಸೋಲುವುದು ಇಲ್ಲೇ. ಅಪ್ಪನ ಬುದ್ಧಿ ಸ್ವಸ್ಥವಾಗಿದೆ ಎಂಬ ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಅಮ್ಮ ಇರುವಷ್ಟು ಕಾಲ ಮನೆ ಅವರದು, ಆಮೇಲೆ ಮಕ್ಕಳದು ಎಂದು ಬರೆಯಬಹುದು. ಮನಸ್ಸು ಬದಲಾದರೆ ಅಪ್ಪ ಇನ್ನೊಂದು ಬರೆಯಬಹುದು. ದಾನಪತ್ರವನ್ನು ಹಾಗೆ ಹಿಂಪಡೆಯಲಾಗದು.

ದಾನಪತ್ರವೇ ಬೇಕೆಂದರೆ, ಹೆತ್ತವರನ್ನು ನೋಡಿಕೊಳ್ಳುವ ಷರತ್ತನ್ನೂ ಅವರ ಜೀವಿತಾವಧಿಯ ವಾಸದ ಹಕ್ಕನ್ನೂ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ, ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ವರ್ಗಾವಣೆ ರದ್ದು ಮಾಡಿಸಬಹುದು. ಆದರೆ 2022ರಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ತಾಯಿಯೊಬ್ಬರಿಗೆ ಇದನ್ನು ನಿರಾಕರಿಸಿತು, ಅಂಥ ಷರತ್ತು ಇತ್ತೆಂದು ತೋರಿಸಲಾಗಲಿಲ್ಲವೆಂದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಗೆ ಅದೇ ಕೋರ್ಟಿನಲ್ಲಿ ಆಸ್ತಿ ಮರಳಿ ಸಿಕ್ಕಿತು. ಅಲ್ಲಿ ಮಗ ನೋಡಿಕೊಳ್ಳುವ ಮಾತು ಬರವಣಿಗೆಯಲ್ಲಿತ್ತು. ಒಂದು ಸಾಲಿನ ವ್ಯತ್ಯಾಸ.

ಇನ್ನು ನಿಮ್ಮ ಪತ್ರದ ಕೊನೆಯ ವಾಕ್ಯ. ತಂಗಿ ಏಕೆ ಸಹಿ ಹಾಕಬೇಕು? ಮನೆ ಸ್ವಯಾರ್ಜಿತವಾದರೆ ಅವಳ ಸಹಿ ಬೇಕಿಲ್ಲ. ಪಿತ್ರಾರ್ಜಿತವಾದರೆ ಪೂರ್ತಿ ಮನೆ ಬರೆದುಕೊಡುವ ಅಧಿಕಾರ ಅಪ್ಪನಿಗೂ ಇಲ್ಲ, ಅವಳದು ನಿಮ್ಮಷ್ಟೇ ಪಾಲು. ಅರಿಸಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಮ್ಮೂರುಗಳಲ್ಲಿ ಇನ್ನೂ ನಿಂತಿಲ್ಲ. ಮನೆಯಷ್ಟೇ ಅಲ್ಲ, ಅಪ್ಪನ ಬ್ಯಾಂಕ್ ಖಾತೆಗೆ ನಿಮ್ಮನ್ನು ನಾಮಿನಿ ಮಾಡಿದ್ದರೂ ಹಣ ನಿಮ್ಮದಾಗುವುದಿಲ್ಲ. ಪಡೆದು ವಾರಸುದಾರರಿಗೆ ತಲುಪಿಸುವವರು ನೀವು, ಅಷ್ಟೇ.

ಮೊದಲು ಮೂಲಪತ್ರ ತೆಗೆದು ನೋಡಿ, ಮನೆ ಅಪ್ಪನಿಗೆ ಹೇಗೆ ಬಂತು ಎಂದು. ಆಮೇಲೆ ತಂಗಿಯನ್ನು ಕರೆಸಿ, ಅಪ್ಪ ಅಮ್ಮನ ಎದುರಿಗೇ ಮಾತಾಡಿ.

– ಸಂ.