ಕಾಸರಗೋಡಿನ ರಸ್ತೆಯಲ್ಲಿ ದೊಡ್ಡ ಸ್ಪೋರ್ಟ್ಸ್ ಟೂರರ್ ಬೈಕ್ ಟೆಸ್ಟ್ ರೈಡ್ ಮಾಡುವಾಗ ಎಷ್ಟು ಸ್ಪೀಡಿಗೆ ಹೋಗಬೇಕು, ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಎಂಟು ವರ್ಷ 350 ಸಿಸಿ ಬೈಕ್ ಓಡಿಸಿದ್ದೀರಿ, ಮನೆ ಕುಂಬಳೆ, ಈಗ ಸ್ಪೋರ್ಟ್ಸ್ ಟೂರರ್, ಅಂದರೆ ವೇಗಕ್ಕೂ ದೂರ ಪ್ರಯಾಣಕ್ಕೂ ಆಗುವ ಬೈಕ್, ಕವಾಸಾಕಿ ನಿಂಜಾ 1100ಎಸ್‌ಎಕ್ಸ್ ತೆಗೆದುಕೊಳ್ಳುವ ಯೋಚನೆ. ಟೆಸ್ಟ್ ರೈಡಿಗೆ ಅರ್ಧ ಗಂಟೆ ಕೊಡುತ್ತಾರೆ. ಅಷ್ಟರಲ್ಲಿ ಬೈಕ್ ಹೇಗಿದೆ ಅಂತ ತಿಳಿಯಲು ಎಷ್ಟು ಸ್ಪೀಡಿಗೆ ಹೋಗಬೇಕು, ಎಲ್ಲಿ ಓಡಿಸಬೇಕು ಅಂತ ಕೇಳಿದ್ದೀರಿ.

ಗಂಟೆಗೆ 60 ಕಿಲೋಮೀಟರ್ ಸಾಕು. ಬಾಯಿಮಾತಿಗೆ ಹೇಳುತ್ತಿಲ್ಲ. ಇದರ ಹಿಂದಿನ ಮಾಡೆಲ್ 1000ಎಸ್‌ಎಕ್ಸ್ ಅನ್ನು ನಾನು ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಮನೆ ನೀರ್ಚಾಲಿನ ಹತ್ತಿರ, ನಿಮ್ಮಿಂದ ದೂರ ಏನಲ್ಲ. ಈ ಬೈಕಿನಲ್ಲಿ ನನಗೆ ಇಷ್ಟವಾದದ್ದು, ಕಷ್ಟವಾದದ್ದು ಎರಡೂ 60ರ ಒಳಗೇ ಗೊತ್ತಾದವು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರ ವಾಹನಗಳಿಗೆ ಗರಿಷ್ಠ ವೇಗ 60. ಅದಕ್ಕೂ ಮೊದಲು 70 ಇತ್ತು. ಅದೇ ವರ್ಷ ಜೂನ್‌ನಿಂದ ಎಐ ಕ್ಯಾಮರಾಗಳು ದಂಡ ಹಾಕಲು ಶುರು ಮಾಡಿದವು. ಆಗ ರಾಜ್ಯಕ್ಕೆ ಒಟ್ಟು 726 ಕ್ಯಾಮರಾ ಇಟ್ಟಿದ್ದರು. ಹಿಂದೆ ಕೂತವರ ತಲೆಯಲ್ಲಿ ಹೆಲ್ಮೆಟ್ ಇಲ್ಲದಿದ್ದರೂ ಹಿಡಿಯುತ್ತವೆ. ನಿಮ್ಮ ಬೈಕ್ ಎಷ್ಟು ಸಿಸಿ ಅಂತ ಅವು ಕೇಳುವುದಿಲ್ಲ.

ಆದರೆ ಕ್ಯಾಮರಾ ಇಲ್ಲದಿದ್ದರೂ ನಾನು 60 ಅಂತಲೇ ಹೇಳುತ್ತಿದ್ದೆ. ಯಾಕೆ ಅಂದರೆ ನಮ್ಮ ರಸ್ತೆಯ ಬದಿಯಲ್ಲಿ ಇರುವವರ ಲೆಕ್ಕವೇ ಬೇರೆ. ಬೈಕ್ ತಂದ ಹೊಸದರಲ್ಲಿ ಒಂದು ಸಂಜೆ ಸೀತಾಂಗೋಳಿ ಕಡೆಯಿಂದ ಬರುತ್ತಿದ್ದೆ. ತಲೆಯಲ್ಲಿ ಹುಲ್ಲಿನ ಕಟ್ಟ ಹೊತ್ತ ಒಬ್ಬ ಅಜ್ಜಿ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನನ್ನ ಕಡೆ ತಿರುಗಿ ಚೆನ್ನಾಗಿ ನೋಡಿದರು. ನೋಡಿಯೇ ರಸ್ತೆಗೆ ಇಳಿದರು. ಅವರು ತಪ್ಪು ಮಾಡಲಿಲ್ಲ. ಇಷ್ಟು ದೂರದಲ್ಲಿ ಒಂದು ಹೆಡ್‌ಲೈಟ್ ಕಂಡರೆ ದಾಟಲು ಸಮಯ ಇದೆ ಅಂತ ಅವರ ಅಷ್ಟು ವರ್ಷದ ಅನುಭವ ಹೇಳುತ್ತದೆ. ಆ ಅನುಭವ ಸ್ಕೂಟರಿನದು, ಆಟೋದ್ದು. ನಾನು 50ರಲ್ಲಿ ಇದ್ದೆ, ಆರಾಮವಾಗಿ ನಿಲ್ಲಿಸಿದೆ. ಅವರು ನಿಧಾನವಾಗಿ ದಾಟಿ ಹೋದರು. ನಾನು 100ರಲ್ಲಿ ಇದ್ದಿದ್ದರೆ ಆಗುತ್ತಿದ್ದುದನ್ನು ಈಗಲೂ ಯೋಚಿಸಲು ಆಗುವುದಿಲ್ಲ. 60ರಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ. ಸ್ಪೀಡ್ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕು ಪಟ್ಟು ಜಾಗ ಬೇಕು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಎಷ್ಟು ಒಳ್ಳೆಯದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ವಿಷಯ ಇದೆ, 350ರಿಂದ ಬರುವವರು ಇದನ್ನು ಮರೆಯಬಾರದು. ಈ ಬೈಕ್ ಸ್ಪೀಡನ್ನು ಮುಚ್ಚಿಡುತ್ತದೆ. ನಿಮ್ಮ ಈಗಿನ ಬೈಕಿನಲ್ಲಿ 80 ಅಂದರೆ ಕೈಗೆ, ಕಾಲಿಗೆ, ಕಿವಿಗೆ ಎಲ್ಲ ಗೊತ್ತಾಗುತ್ತದೆ ಅಲ್ವಾ? ಇದರಲ್ಲಿ 80 ಅಂದರೆ ನಿಂತ ಹಾಗೆ. ಮೊದಲ ಗೇರಿನಲ್ಲೇ 100ರ ಹತ್ತಿರ ಹೋಗುವ ಎಂಜಿನ್ ಇದು. ಹಾಗಾಗಿ ಮೊದಲ ಹತ್ತು ನಿಮಿಷ ಮನಸ್ಸಿನ ಅಂದಾಜನ್ನು ನಂಬಬೇಡಿ, ಮೀಟರ್ ನೋಡುತ್ತಿರಿ.

ಹಾಗಾದರೆ 60ರ ಒಳಗೆ ಏನು ತಿಳಿಯುತ್ತದೆ? ತುಂಬ ತಿಳಿಯುತ್ತದೆ. ಕಂಪನಿಯವರೇ ಅದನ್ನು ಒಪ್ಪಿಕೊಂಡ ಹಾಗಿದೆ. ನನ್ನ 1000ಎಸ್‌ಎಕ್ಸ್ 1043 ಸಿಸಿ, ಪವರ್ 142 ಪಿಎಸ್, ಟಾರ್ಕ್ ಅಂದರೆ ಎಳೆಯುವ ಬಲ 111 ನ್ಯೂಟನ್ ಮೀಟರ್. ನೀವು ನೋಡುತ್ತಿರುವ 1100 ಅದಕ್ಕಿಂತ ದೊಡ್ಡ ಎಂಜಿನ್, 1099 ಸಿಸಿ. ಆದರೆ ಪವರ್ 136ಕ್ಕೆ ಇಳಿದಿದೆ, ಟಾರ್ಕ್ 113ಕ್ಕೆ ಏರಿದೆ. ಆ ಟಾರ್ಕ್ ಮೊದಲಿಗಿಂತ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ ಸಿಗುತ್ತದೆ. ಎಂಜಿನ್ ಜೋರು ತಿರುಗುವ ತುದಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ದಿನಾ ಓಡಿಸುವಲ್ಲಿ ಜಾಸ್ತಿ ಮಾಡಿದ್ದಾರೆ. ನೀವು ನೋಡಬೇಕಾದದ್ದೂ ಅದನ್ನೇ. ನೇರ ರಸ್ತೆ, ಮುಂದೆ ಹಿಂದೆ ಯಾರೂ ಇಲ್ಲದಾಗ, ಮೇಲಿನ ಗೇರಿನಲ್ಲಿ 40ಕ್ಕೆ ಬನ್ನಿ. ಕ್ಲಚ್ ಮುಟ್ಟದೆ ಥ್ರಾಟಲ್ ಮೆಲ್ಲ ಕೊಡಿ. 60 ಮುಟ್ಟುವಾಗ ಬಿಡಿ. ಎಂಜಿನ್ ಕುಟ್ಟದೆ, ಜರ್ಕ್ ಇಲ್ಲದೆ ಬಂತಾ? ಬಸ್ಸನ್ನು ಓವರ್‌ಟೇಕ್ ಮಾಡುವಾಗ ನಿಮಗೆ ಬೇಕಾದ ಶಕ್ತಿ ಅದೇ.

ಆಮೇಲೆ ಥ್ರಾಟಲ್ ಪೂರ್ತಿ ಮುಚ್ಚಿ, ಕೂದಲೆಳೆಯಷ್ಟು ತೆರೆಯಿರಿ. ತಿರುವಿನ ಮಧ್ಯದಲ್ಲಿ ನಾವು ಮಾಡುವುದು ಇದನ್ನೇ. ಅಲ್ಲಿ ಬೈಕ್ ಎಗರಿದರೆ ನಮ್ಮ ರಸ್ತೆಗೆ ಕಷ್ಟ. ಮೊದಲು ಶಕ್ತಿಯನ್ನು ಮೆತ್ತಗೆ ಕೊಡುವ ರೈನ್ ಮೋಡ್, ನಂತರ ರೋಡ್ ಮೋಡ್‌ನಲ್ಲಿ ನೋಡಿ. ಸ್ಪೋರ್ಟ್ ಮೋಡ್ ಈ ಅರ್ಧ ಗಂಟೆಗೆ ಬೇಡ.

ಇದೆಲ್ಲಕ್ಕಿಂತ ಮೊದಲು ಟೈರಿನ ಗಾಳಿ. ಈ ವಿಷಯದಲ್ಲಿ ನಾನು ಆರು ತಿಂಗಳು ಕಳೆದುಕೊಂಡೆ. ಮೊದಲ ಸಲ ಒಂದು ಶೋರೂಮ್‌ನಲ್ಲಿ ಟೆಸ್ಟ್ ರೈಡ್ ಮಾಡಿದಾಗ ಬೈಕ್ ತಿರುಗಲು ಕೇಳಲೇ ಇಲ್ಲ. ಹ್ಯಾಂಡಲ್ ಭಾರ. ತಿರುವಿಗೆ ಬಗ್ಗಿಸಿದರೆ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಇದು ನನ್ನ ಬೈಕಲ್ಲ ಅಂತ ವಾಪಸ್ ಬಂದೆ. ಆರು ತಿಂಗಳ ಮೇಲೆ ಪರಿಚಯದವರೊಬ್ಬರು ಅದೇ ಮಾಡೆಲ್ ತಂದರು. ಬದಿಯಡ್ಕದವರೆಗೆ ಓಡಿಸಿ ನೋಡಿ ಅಂದರು. ಎರಡನೇ ತಿರುವಿನಲ್ಲೇ ಗೊತ್ತಾಯಿತು, ಇದು ಬೇರೆಯೇ ಬೈಕ್. ಟೈರಿಗೆ ಎಷ್ಟು ಗಾಳಿ ಹಾಕುತ್ತೀರಿ ಅಂತ ಕೇಳಿದೆ. ಮುಂದೆ 36, ಹಿಂದೆ 42 ಪಿಎಸ್‌ಐ ಅಂದರು. ಕಂಪನಿ ಹೇಳಿದ್ದೂ ಅಷ್ಟೇ. ಮರುವಾರ ಗೇಜ್ ಹಿಡಿದುಕೊಂಡು ಅದೇ ಶೋರೂಮ್‌ಗೆ ಹೋದೆ. ಟೆಸ್ಟ್ ಬೈಕಿನ ಹಿಂದಿನ ಟೈರಿನಲ್ಲಿ 29 ಇತ್ತು. 190 ಮಿಲಿಮೀಟರ್ ಅಗಲದ ಟೈರಿನಲ್ಲಿ ಅಷ್ಟು ಗಾಳಿ ಕಡಿಮೆ ಆದರೆ ಬೈಕ್ ಹೇಗೆ ತಿರುಗಬೇಕು? ಗೇಜ್‌ಗೆ ಕೆಲವು ನೂರು ರೂಪಾಯಿ. ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಕಡಿಮೆ ಇದ್ದರೆ ಹಾಕಿಸಿ ಅಂತ ಕೇಳಿ, ಸಂಕೋಚ ಬೇಡ.

ತೂಕವನ್ನೂ ಎಂಜಿನ್ ಆಫ್ ಇರುವಾಗಲೇ ನೋಡಬೇಕು. ಸುಮಾರು 235 ಕಿಲೋ. ಓಡುವಾಗ ಅದು ಗೊತ್ತೇ ಆಗುವುದಿಲ್ಲ, ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಶೋರೂಮ್‌ನ ನೆಲ ಸಮತಟ್ಟು, ಟೈಲ್ಸ್. ನಮ್ಮ ಮನೆಗಳ ಅಂಗಳ ಹಾಗಲ್ಲ. ನನ್ನ ಅಂಗಳಕ್ಕೆ ಮುರಕಲ್ಲು ಹಾಸಿದೆ, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಮೊದಲ ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ ಹಿಡಿದಿತ್ತು. ಬೈಕ್ ತಿರುಗಿಸುವಾಗ ಎಡಗಾಲು ಜಾರಿತು. ಬೈಕ್ ಮೆಲ್ಲಗೆ ಒರಗಿ ಬಿತ್ತು. ಸ್ಪೀಡ್ ಸೊನ್ನೆ. ಕ್ಲಚ್ ಲಿವರ್ ಮುರಿಯಿತು, ಬೈಕಿನ ಹೊರ ಕವಚ ಫೇರಿಂಗ್ ಗೀರಿತು. ಎತ್ತಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ನಿಮ್ಮ ಅಂಗಳ ಹೇಗಿದೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು, ಶೋರೂಮ್‌ನ ಹೊರಗೆ ಎಲ್ಲಾದರೂ ಸಣ್ಣ ಏರು ಇರುವಲ್ಲಿ ಬೈಕನ್ನು ಹಿಂದಕ್ಕೆ ತಳ್ಳಿ ನೋಡಿ. ಆಮೇಲೆ ಹಾಫ್ ಕ್ಲಚ್‌ನಲ್ಲಿ ಒಂದು ಯು ಟರ್ನ್. ಹ್ಯಾಂಡಲ್ ಕಡಿಮೆ ತಿರುಗುತ್ತದೆ, ನಿಮ್ಮ 350ಕ್ಕಿಂತ ಜಾಸ್ತಿ ಜಾಗ ಬೇಕು.

ಬಿಸಿಯ ಬಗ್ಗೆ ಒಂದೇ ಮಾತು. ಬೆಳಿಗ್ಗೆ ಏಳಕ್ಕೆ ಹೋದರೆ ಎಲ್ಲ ಬೈಕೂ ತಂಪು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಟ್ರಾಫಿಕ್ ಬ್ಲಾಕ್‌ನಲ್ಲಿ ಹತ್ತು ನಿಮಿಷ ಸಿಕ್ಕಿಕೊಳ್ಳಿ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದಾಗ ಬಿಸಿಗಾಳಿ ಎಲ್ಲಿ ಬರುತ್ತದೆ, ಮೊಣಕಾಲಿಗಾ, ತೊಡೆಗಾ ನೋಡಿ. ಮೇ ತಿಂಗಳಲ್ಲಿ ಅದನ್ನು ತಡೆದುಕೊಳ್ಳಬೇಕಾದವರು ನೀವು.

ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೋಗುವ ಅಂದಾಜಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರ ಹೆಲ್ಮೆಟ್ ಮನೆಯಿಂದಲೇ ತನ್ನಿ. ಮೊದಲು ಒಬ್ಬರೇ ಓಡಿಸಿ ಕೈ ಕೂತ ಮೇಲೆ ಅವರನ್ನು ಹತ್ತಿಸಿ. ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡಲು ಪಕ್ಕದಲ್ಲಿ ಕೈಯಲ್ಲೇ ತಿರುಗಿಸುವ ನಾಬ್ ಇದೆ. ಅವರು ಕೂರುವ ಮೊದಲು ಅದನ್ನು ತಿರುಗಿಸಿ ಕೊಡಲು ಹೇಳಿ. ನನ್ನ ಬೈಕಿನ ಗ್ರೌಂಡ್ ಕ್ಲಿಯರೆನ್ಸ್ 135 ಮಿಲಿಮೀಟರ್ ಮಾತ್ರ. ಇಬ್ಬರು ಕೂತು ನಮ್ಮೂರಿನ ಹಂಪ್ ದಾಟುವಾಗ ಅಡಿ ತಾಗುತ್ತದಾ ಇಲ್ವಾ ಅಂತ ಶೋರೂಮ್‌ನಲ್ಲಿ ಕೇಳಿ ತಿಳಿಯುವುದಲ್ಲ, ದಾಟಿಯೇ ನೋಡಬೇಕು. ಹಿಂದೆ ಕೂತವರನ್ನು ಮಾತ್ರ ಸರಿಯಾಗಿ ಕೇಳಿ: ಮೊಣಕಾಲು ಎಷ್ಟು ಮಡಚಿತು, ಬ್ರೇಕ್ ಹಿಡಿದಾಗ ಹಿಡಿದುಕೊಳ್ಳಲು ಏನು ಸಿಕ್ಕಿತು. ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ದಳು, ಮುಳ್ಳೇರಿಯವರೆಗೆ ಸರಿ, ಅದಕ್ಕಿಂತ ದೂರ ಆದರೆ ಇಳಿದು ಒಂದು ಚಾ ಕುಡಿಯಬೇಕು ಅಂತ. ನಾಲ್ಕು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇವೆ.

ರಸ್ತೆ ಯಾವುದು ಅಂತ ಕೇಳಿದ್ದೀರಿ. ಶೋರೂಮ್ ಮಂಗಳೂರಿನದ್ದಾದರೆ ಅವರ ಟೆಸ್ಟ್ ಬೈಕನ್ನು ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿಸಲು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬಿಟ್ಟರೆ, ತಲಪಾಡಿಯಿಂದ ಚೆಂಗಳದವರೆಗಿನ ಆರು ಲೇನಿನ ಹೆದ್ದಾರಿಯಲ್ಲಿ ಸಮಯ ಕಳೆಯಬೇಡಿ. ನೇರ ರಸ್ತೆಯಲ್ಲಿ ಸ್ಪೀಡಿನ ಆಸೆ ಬರುತ್ತದೆ, ಬೈಕಿನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಮುಖ್ಯ ರಸ್ತೆಗೆ ಹತ್ತುವಲ್ಲಿ ಬೈಕಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಇದ್ದರೆ ಸರ್ವಿಸ್ ರಸ್ತೆಯಲ್ಲೇ ಹೋಗಿ. ಕುಂಬಳೆಯಲ್ಲಿ ಒಳಗೆ ತಿರುಗಿ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ ಕಡೆ ಬನ್ನಿ. ಏರು, ಇಳಿಜಾರು, ಎಡಬಲ ತಿರುವು, ಪೇಟೆ, ಹಂಪ್ ಎಲ್ಲ ಇದೆ. ನೀವು ದಿನಾ ಓಡಿಸುವ ರಸ್ತೆಯೂ ಹೌದು. ತಿರುವಿನಲ್ಲಿ ಬಸ್ ನಮ್ಮ ಬದಿಗೆ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಬೇಕಲದ ಕಡೆಯ ರಸ್ತೆ ಚಂದ, ಆದರೆ ಸಂಜೆ ಕೋಟೆ ನೋಡಲು ಬಂದವರ ಕಾರು ಜಾಸ್ತಿ. ಆ ಹೊತ್ತಿಗೆ ಬೇಡ.

ಮಳೆಗಾಲದಲ್ಲಿ ಹೋಗುವುದಾದರೆ ಎರಡು ಕಡೆ ಹುಷಾರು. ಗುಡ್ಡೆಯ ಬದಿಯಿಂದ ಕೆಂಪು ಮಣ್ಣು ಇಳಿದು ತಿರುವಿನಲ್ಲೇ ನಿಂತಿರುತ್ತದೆ. ಹೆದ್ದಾರಿಯಲ್ಲಿ ಮೀನಿನ ಲಾರಿಯ ನೀರು. ನೋಡಲು ಬರೇ ನೀರಿನ ಹಾಗೆ ಇರುತ್ತದೆ, ಜಾರುವುದು ಎಣ್ಣೆಯ ಹಾಗೆ. ಆ ಲಾರಿಯ ಹಿಂದೆ ಹೋಗಬೇಡಿ, ವಾಸನೆ ಬಂದ ಕೂಡಲೇ ಸ್ಪೀಡ್ ಇಳಿಸಿ. ಟ್ರಾಕ್ಷನ್ ಕಂಟ್ರೋಲ್ ಹಿಂದಿನ ಚಕ್ರ ಸುಮ್ನೆ ತಿರುಗದ ಹಾಗೆ ನೋಡಿಕೊಳ್ಳುತ್ತದೆ. ಮುಂದಿನ ಚಕ್ರ ಜಾರಿದರೆ ಅದು ಹಿಡಿದು ನಿಲ್ಲಿಸುವುದಿಲ್ಲ.

ಕಾಗದದ ವಿಷಯ. ಟೆಸ್ಟ್ ರೈಡಿಗೆ ಮೊದಲು ಒಂದು ಫಾರ್ಮ್‌ಗೆ ಸಹಿ ಕೇಳುತ್ತಾರೆ. ಬಿದ್ದರೆ ಖರ್ಚು ಯಾರದ್ದು ಅಂತ ಅದರಲ್ಲಿ ಬರೆದಿರುತ್ತದೆ, ಓದಿಯೇ ಸಹಿ ಹಾಕಿ. ಬೈಕಿಗೆ ಇನ್ಶೂರೆನ್ಸ್ ಇದೆಯಾ ಕೇಳಿ. ಹೊರಡುವ ಮೊದಲು ಬೈಕಿನ ಎರಡೂ ಬದಿಯ ಫೋಟೋ ತೆಗೆದಿಡಿ. ಶೋರೂಮ್‌ನವರು ಇನ್ನೊಂದು ಬೈಕಿನಲ್ಲಿ ಮುಂದೆ ಹೋಗುತ್ತಾರೆ. ಅವರು ಜೋರಾಗಿ ಹೋದರೆ ಹಿಂದೆ ಓಡಬೇಡಿ, ಅವರೇ ಕಾಯುತ್ತಾರೆ.

ಅರ್ಧ ಗಂಟೆಯಲ್ಲಿ ಇದೆಲ್ಲ ಆಗುವುದಿಲ್ಲ ಅಂತ ಅನಿಸಿದರೆ ಇನ್ನೊಂದು ದಿನ ಮತ್ತೆ ಕೇಳಿ. ಇಷ್ಟು ಲಕ್ಷ ಕೊಡುವವರು ಎರಡನೇ ಸಲ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೂ ಸಾಲದಿದ್ದರೆ ಒಂದು ಭಾನುವಾರ ನೀರ್ಚಾಲಿಗೆ ಬನ್ನಿ. ಕುಂಬಳೆಯಿಂದ ದೂರ ಇಲ್ಲ. ನನ್ನ ಬೈಕಿನಲ್ಲಿ ಬದಿಯಡ್ಕದವರೆಗೆ ಹೋಗಿ ಬನ್ನಿ. ಗಾಳಿ ನಾನೇ ನೋಡಿ ಇಟ್ಟಿರುತ್ತೇನೆ. ಹಿಂದಿನ ಸೀಟಿನ ಬಗ್ಗೆ ನಿಮ್ಮ ಮನೆಯವರು ಏನು ಹೇಳಿದರು ಅಂತ ಇಲ್ಲಿ ಬರೆಯಿರಿ, ನನಗೂ ತಿಳಿಯಬೇಕು.